ಲೀಡ್ಸ್‌ನಲ್ಲಿ ನೆರೆಮನೆಯವರ ಕ್ರಿಸ್ಮಸ್ ಊಟಕ್ಕೆ ಕರೆ ಬಂದಿದೆ: ಅಲ್ಲಿನ ರೀತಿ ರಿವಾಜು, ಶಕುನಗಳನ್ನು ತಿಳಿದವರು ಹೇಳಬೇಕು

ಪ್ರಶ್ನೆ: ಧಾರವಾಡದ ನಿವೃತ್ತ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತ್ನಿ ನವೆಂಬರ್ ಮೊದಲ ವಾರದಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಜನವರಿ ಕೊನೆಯವರೆಗೂ ಅಲ್ಲಿಯೇ ಇರುತ್ತೇವೆ. ನೋಡಬೇಕಾದ ಊರುಗಳ ಪಟ್ಟಿಯನ್ನು ಅಳಿಯ ಆಗಲೇ ಸಿದ್ಧಪಡಿಸಿದ್ದಾರೆ. ನಾನು ಕೇಳಬೇಕೆಂದಿರುವುದು ಜನರೊಡನೆ ನಡೆದುಕೊಳ್ಳುವ ರೀತಿಯ ಬಗ್ಗೆ.

ಮಗಳ ಪಕ್ಕದ ಮನೆಯಲ್ಲಿ ವಯಸ್ಸಾದ ಇಂಗ್ಲಿಷ್ ದಂಪತಿಗಳಿದ್ದಾರೆ. ಮೊಮ್ಮಗಳು ಹುಟ್ಟಿದ ದಿನಗಳಲ್ಲಿ, ನಾವು ಇಲ್ಲಿಂದ ಹೊರಡಲಾಗದೆ ಚಡಪಡಿಸುತ್ತಿದ್ದಾಗ, ಮಗಳಿಗೆ ಆಸರೆಯಾಗಿ ನಿಂತವರು ಅವರೇ. ಈ ಬಾರಿ ಅವರು ನಮ್ಮೆಲ್ಲರನ್ನೂ ಕ್ರಿಸ್ಮಸ್ ದಿನದ ಮಧ್ಯಾಹ್ನದ ಊಟಕ್ಕೆ ಕರೆದಿದ್ದಾರೆ. ಅಂಥವರ ಮುಂದೆ ತಿಳಿಯದೆ ಏನಾದರೂ ತಪ್ಪಾಗಿ ನಡೆದುಕೊಂಡೇವೋ ಎಂಬ ಚಿಂತೆ ನಮ್ಮಿಬ್ಬರನ್ನೂ ಕಾಡುತ್ತಿದೆ. ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವವರಲ್ಲ. ಇದನ್ನು ಕರೆದವರಿಗೆ ಹೇಗೆ ತಿಳಿಸಬೇಕು? ಕೈಯಲ್ಲಿ ಏನು ಒಯ್ಯಬೇಕು? ಧಾರವಾಡದವರು ಪೇಡೆ ಇಲ್ಲದೆ ಒಬ್ಬರ ಮನೆಗೆ ಹೋಗುವುದು ಹೇಗೆ ಎಂದು ನನ್ನ ಪತ್ನಿ ಕೇಳುತ್ತಿದ್ದಾರೆ. ಹೊಸ ವರ್ಷದ ಹಿಂದಿನ ದಿನ ಎಡಿನ್‌ಬರೋದಲ್ಲಿರುವ ಅಳಿಯನ ಸ್ನೇಹಿತರ ಮನೆಗೆ ಹೋಗುವ ಯೋಚನೆಯೂ ಇದೆ.

ಇನ್ನೊಂದು ವಿಷಯ. ಬ್ರಿಟಿಷರಲ್ಲಿಯೂ ಶಕುನ, ಅಪಶಕುನಗಳ ನಂಬಿಕೆ ಇದೆಯೆಂದು ಓದಿದ್ದೇನೆ. ಅವು ಇಂದಿಗೂ ಬಳಕೆಯಲ್ಲಿವೆಯೇ, ಅವುಗಳ ಬಗ್ಗೆ ಅವರೊಡನೆ ಮಾತನಾಡುವುದು ಸರಿಯೇ? ಅಲ್ಲಿ ವಾಸವಿದ್ದವರು ವಿವರವಾಗಿ ಬರೆದರೆ ದೊಡ್ಡ ಉಪಕಾರವಾಗುತ್ತದೆ.

ಉತ್ತರ: ಹುಬ್ಬಳ್ಳಿಯ ಗೃಹಿಣಿ, ಈಗ ಲೀಡ್ಸ್

ನಮಸ್ಕಾರ ಸರ್. ನಾನು ಹುಬ್ಬಳ್ಳಿಯವಳು, ಹಲವು ವರ್ಷಗಳಿಂದ ಲೀಡ್ಸ್‌ನಲ್ಲಿದ್ದೇನೆ. ಮೊದಲಿಗೆ ಒಂದು ಮಾತು ಹೇಳಬೇಕು. ಕ್ರಿಸ್ಮಸ್ ದಿನದ ಊಟ ಇಲ್ಲಿ ಸಾಮಾನ್ಯವಾಗಿ ಮನೆಮಂದಿಗಷ್ಟೇ ಮೀಸಲು. ಆ ದಿನ ನೆರೆಯವರನ್ನು, ಅದರಲ್ಲೂ ನೆರೆಯವರ ತಂದೆತಾಯಿಯನ್ನು ಕರೆದಿದ್ದಾರೆಂದರೆ, ಅವರು ನಿಮ್ಮ ಮಗಳನ್ನು ಸ್ವಂತದವಳೆಂದೇ ಕಂಡಿದ್ದಾರೆ. ಸಂಕೋಚ ಬಿಟ್ಟು ಹೋಗಿ.

ನಮ್ಮ ಹಿರಿಯರಿಗೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ಉಪಚಾರದ ವಿಷಯ. ನಮ್ಮ ಕಡೆ ಮನೆಗೆ ಬಂದವರು ಮೊದಲು ಬೇಡ ಎನ್ನುವುದು ಮರ್ಯಾದೆ, ಮನೆಯವರು ಮತ್ತೆ ಮತ್ತೆ ಒತ್ತಾಯ ಮಾಡಿ ಬಡಿಸುವುದು ಪ್ರೀತಿ. ಇಲ್ಲಿ ಒಮ್ಮೆ ಬೇಡ ಎಂದರೆ ಮಾತು ಮುಗಿಯಿತು; ಅತಿಥಿಯ ಇಚ್ಛೆಯನ್ನು ಮೀರಿ ಒತ್ತಾಯಿಸುವುದು ಇಲ್ಲಿನವರ ದೃಷ್ಟಿಯಲ್ಲಿ ಅತಿಥಿಯ ಮೇಲೆ ಹೇರಿದಂತೆ. ಹಾಗಾಗಿ ಚಹಾ ಬೇಕಿದ್ದರೆ ಮೊದಲ ಸಲವೇ ‘ಯೆಸ್, ಪ್ಲೀಸ್’ ಎನ್ನಿ, ಬೇಡವಾದರೆ ‘ನೋ, ಥ್ಯಾಂಕ್ ಯು’ ಎನ್ನಿ. ಒಂದು ಕಪ್ ಚಹಾಕ್ಕೂ ಸರಿಯಾಗಿ ಕೇಳಲಿಲ್ಲವೆಂದು ನೊಂದುಕೊಂಡು ಊರಿಗೆ ಮರಳಿದ ಹಿರಿಯರನ್ನು ನಾನು ಬಲ್ಲೆ. ಕೇಳಿದವರ ಮನಸ್ಸಿನಲ್ಲಿದ್ದದ್ದು ಮಾತ್ರ ಗೌರವವೇ. ಅದೇ ರೀತಿ ಅವರು ನಿಮ್ಮ ಮನೆಗೆ ಬಂದಾಗ ಸಾಕು ಎಂದ ಮೇಲೆ ಮತ್ತೆ ಬಡಿಸಬೇಡಿ. ತಟ್ಟೆಗೆ ಬಿದ್ದದ್ದನ್ನು ಮುಗಿಸಬೇಕೆಂದು ಭಾವಿಸುವವರು ಅವರಲ್ಲಿ ಬಹಳ ಜನ, ಪಾಪ ಕಷ್ಟಪಟ್ಟು ತಿನ್ನುತ್ತಾರೆ.

ಆಹಾರದ ವಿಷಯವನ್ನು ಲೀಡ್ಸ್ ತಲುಪಿದ ವಾರವೇ ತಿಳಿಸಿಬಿಡಿ. ಏನು ತಿನ್ನುವುದಿಲ್ಲವೆಂದು ಮುಂಚಿತವಾಗಿ ಹೇಳುವುದು ಇಲ್ಲಿ ಅಗೌರವವಲ್ಲ, ಊಟದ ಮೇಜಿನ ಮುಂದೆ ಕುಳಿತ ಮೇಲೆ ಹೇಳಿದರೆ ಮಾತ್ರ ಅಡುಗೆ ಮಾಡಿದವರಿಗೆ ಬಹಳ ನೋವಾಗುತ್ತದೆ. ಅವಸರಕ್ಕೆ ಇನ್ನೊಂದು ಕಾರಣವಿದೆ: ಕ್ರಿಸ್ಮಸ್ ಪುಡಿಂಗ್ ಎಂಬ ಒಣಹಣ್ಣಿನ ಸಿಹಿಯನ್ನು ಸಂಪ್ರದಾಯಸ್ಥರು ನವೆಂಬರ್ ಕೊನೆಯ ಭಾಗದಲ್ಲಿಯೇ ಮಾಡಿಡುತ್ತಾರೆ. ಅದರಲ್ಲಿ ಮೊಟ್ಟೆ ಇರುತ್ತದೆ, ಹಳೆಯ ಪದ್ಧತಿಯಲ್ಲಿ ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬೂ ಇರುತ್ತದೆ. ಒಣಹಣ್ಣಿನ ಹೂರಣ ತುಂಬಿದ ಮಿನ್ಸ್ ಪೈಯಲ್ಲಿಯೂ ಇದೇ ಕೊಬ್ಬು ಇರಬಹುದು. ಸಸ್ಯಮೂಲದ ಕೊಬ್ಬು ಹಾಕಿದವು ಈಗ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆಯಾದರೂ ಕೇಳಿಯೇ ತಿನ್ನಬೇಕು. ಹುರಿದ ಆಲೂಗಡ್ಡೆಯನ್ನು ಹಬ್ಬದ ದಿನ ಬಾತಿನ ಕೊಬ್ಬಿನಲ್ಲಿ ಮಾಡುವವರಿದ್ದಾರೆ, ಗ್ರೇವಿ ಮಾಂಸದ ರಸದಿಂದಲೇ ಆಗುವುದು, ನಮ್ಮ ಯಾರ್ಕ್‌ಷೈರಿನ ಹೆಮ್ಮೆಯ ಯಾರ್ಕ್‌ಷೈರ್ ಪುಡಿಂಗ್ ಮೊಟ್ಟೆಯಿಲ್ಲದೆ ಆಗುವುದೇ ಇಲ್ಲ, ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಕೇವಲ ‘ವೆಜಿಟೇರಿಯನ್’ ಎಂದರೆ ಇಲ್ಲಿನವರು ಮೊಟ್ಟೆ ನಡೆಯುತ್ತದೆಂದೇ ತಿಳಿಯುತ್ತಾರೆ. ಮೊಟ್ಟೆಯೂ ಇಲ್ಲ, ಹಾಲು ಬೆಣ್ಣೆ ನಡೆಯುತ್ತದೆ ಎಂದು ಬಿಡಿಸಿ ಹೇಳಿ. ಜೊತೆಗೆ ‘ನಾವೂ ಒಂದು ಪಲ್ಯ ಮಾಡಿ ತರಬಹುದೇ’ ಎಂದು ಕೇಳಿ. ಕೇಳದೆ ಮಾತ್ರ ತರಬೇಡಿ, ಅವರ ಅಡುಗೆಯ ಯೋಜನೆ ಆ ದಿನ ಬಹಳ ಬಿಗಿಯಾಗಿರುತ್ತದೆ. ಮನೆಯ ಹೊರಗೆ ತಿನ್ನುವಾಗಲೂ ಒಂದು ಎಚ್ಚರಿಕೆ ಇರಲಿ: ಯಾರ್ಕ್‌ಷೈರಿನ ಹಲವು ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯನ್ನೂ ದನದ ಕೊಬ್ಬಿನಲ್ಲಿಯೇ ಕರಿಯುತ್ತಾರೆ.

ಪೇಡೆಯ ವಿಷಯದಲ್ಲಿ ಅಮ್ಮನವರಿಗೆ ನಿರಾಶೆ ಮಾಡಬೇಕಾಗಿದೆ. ಭಾರತದಿಂದ ಬರುವ ಪ್ರಯಾಣಿಕರು ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಇಲ್ಲಿಗೆ ತರುವಂತಿಲ್ಲ; ಪೇಡೆ, ತುಪ್ಪ ಎರಡೂ ಆ ನಿಯಮಕ್ಕೆ ಒಳಪಡುತ್ತವೆ. ಅದರ ಬದಲು ಕಸೂತಿ ಹಾಕಿದ ಒಂದು ಮೇಜುಬಟ್ಟೆ ಅಥವಾ ದಿಂಬಿನ ಕವರ್ ತನ್ನಿ. ಧಾರವಾಡದ್ದೇ ಕೈಕೆಲಸ, ಹೊಲಿಗೆ ಬಲ್ಲ ಇಲ್ಲಿನ ಅಜ್ಜಿಯರು ಅದರ ಹಿಂಬದಿಯನ್ನೂ ತಿರುಗಿಸಿ ನೋಡಿ ಮೆಚ್ಚುತ್ತಾರೆ. ಉಡುಗೊರೆಯನ್ನು ನಿಮ್ಮೆದುರಿಗೇ ಬಿಚ್ಚಿ ನೋಡುವುದು ಇಲ್ಲಿ ಸೌಜನ್ಯ. ಇಲ್ಲಿ ಬಂದ ಮೇಲೆ ಹೂಗುಚ್ಛ ಕೊಳ್ಳುವುದಾದರೆ ಬಿಳಿ ಲಿಲ್ಲಿ ಬೇಡ, ಅದು ಅಂತ್ಯಕ್ರಿಯೆಯನ್ನು ನೆನಪಿಸುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೆ ಲಿಲ್ಲಿ ವಿಷವೂ ಹೌದು.

ಹೇಳಿದ ಸಮಯಕ್ಕೆ ಸರಿಯಾಗಿ, ಇಲ್ಲವೇ ಐದು ಹತ್ತು ನಿಮಿಷ ತಡವಾಗಿ ಹೋಗಿ. ಬೇಗ ಹೋಗುವುದೇ ಇಲ್ಲಿ ಹೆಚ್ಚು ತೊಂದರೆ ಕೊಡುವ ಸಂಗತಿ. ಚಪ್ಪಲಿ, ಬೂಟು ಬಿಡಬೇಕೇ ಎಂಬುದು ಮನೆಯಿಂದ ಮನೆಗೆ ಬೇರೆಯಾಗುತ್ತದೆ, ಬಾಗಿಲಲ್ಲಿ ಕೇಳಿದರಾಯಿತು. ಮೇಜಿನ ಮೇಲೆ ಪ್ರತಿ ತಟ್ಟೆಯ ಪಕ್ಕದಲ್ಲಿ ಬಣ್ಣದ ಕಾಗದ ಸುತ್ತಿದ ಒಂದು ಕೊಳವೆ ಇರುತ್ತದೆ. 1840ರ ದಶಕದಲ್ಲಿ ಟಾಮ್ ಸ್ಮಿತ್ ಎಂಬ ಲಂಡನ್ನಿನ ಮಿಠಾಯಿ ವ್ಯಾಪಾರಿ ರೂಪಿಸಿದ ಕ್ರ್ಯಾಕರ್ ಅದು. ಪಕ್ಕದವರೂ ನೀವೂ ಒಂದೊಂದು ತುದಿ ಹಿಡಿದು ಎಳೆಯಬೇಕು, ಒಳಗಿನ ಕಾಗದದ ಕಿರೀಟವನ್ನು ಎಲ್ಲರೂ ತಲೆಗೆ ಹಾಕಿಕೊಳ್ಳಬೇಕು. ದಯವಿಟ್ಟು ಹಾಕಿಕೊಳ್ಳಿ, ಹಿರಿಯರು ಕಿರೀಟ ಧರಿಸಿ ಕುಳಿತರೆ ಆ ಮನೆಯವರಿಗೆ ಆಗುವ ಸಂತೋಷ ದೊಡ್ಡದು. ಮೂರು ಗಂಟೆಗೆ ದೊರೆಯ ಭಾಷಣ ಟಿವಿಯಲ್ಲಿ ಬರುತ್ತದೆ. 1932ರಲ್ಲಿ ಐದನೆಯ ಜಾರ್ಜ್ ರೇಡಿಯೋದಲ್ಲಿ ಆರಂಭಿಸಿದ ಪದ್ಧತಿ ಇದು, ಕೆಲವು ಮನೆಗಳಲ್ಲಿ ಆಗ ಎಲ್ಲರೂ ಮೌನವಾಗಿ ಕೇಳುತ್ತಾರೆ. ಊಟ ಮುಗಿದದ್ದನ್ನು ಸೂಚಿಸಲು ಚಾಕು ಮತ್ತು ಫೋರ್ಕನ್ನು ಜೊತೆಯಾಗಿ ತಟ್ಟೆಯ ಮೇಲಿಡಿ. ಮಾತುಕತೆಯಲ್ಲಿ ಸಂಬಳ, ಮನೆಯ ಬೆಲೆ, ವಯಸ್ಸು, ಮಕ್ಕಳಿಗೆ ಮದುವೆಯಾಗಿದೆಯೇ ಎಂಬಂಥ ಪ್ರಶ್ನೆಗಳು ಬೇಡ. ಹವಾಮಾನ, ತೋಟ, ನಿಮ್ಮ ಶಾಲೆಯ ದಿನಗಳು, ಇವೆಲ್ಲ ಧಾರಾಳವಾಗಿ ನಡೆಯುತ್ತವೆ. ಮರುದಿನ ಒಂದು ಥ್ಯಾಂಕ್ ಯು ಕಾರ್ಡನ್ನು ಕೈಬರಹದಲ್ಲಿ ಬರೆದು ಅವರ ಬಾಗಿಲಿನ ಅಂಚೆಕಿಂಡಿಯೊಳಗೆ ಹಾಕಿ.

ದಿನನಿತ್ಯದ ವಿಷಯಗಳು ಒಂದು ವಾರದಲ್ಲಿ ರೂಢಿಯಾಗುತ್ತವೆ: ಸಾಲು ಮುರಿಯದಿರುವುದು, ಇಳಿಯುವಾಗ ಬಸ್ ಚಾಲಕರಿಗೆ ಧನ್ಯವಾದ ಹೇಳುವುದು, ಫೋನ್ ಮಾಡದೆ ಯಾರ ಮನೆಗೂ ಹೋಗದಿರುವುದು. ಡಿಸೆಂಬರ್ 25ರಂದು ರೈಲು ಇರುವುದಿಲ್ಲ, ಬಸ್ಸು ಬಹುತೇಕ ಇರುವುದಿಲ್ಲ, ದೊಡ್ಡ ಅಂಗಡಿಗಳನ್ನು ತೆರೆಯುವುದಕ್ಕೆ ಕಾನೂನಿನ ತಡೆಯೇ ಇದೆ. ಬೇಕಾದದ್ದನ್ನು ಹಿಂದಿನ ದಿನವೇ ತಂದಿಡಿ.

ನವೆಂಬರ್ 11ರ ಬಗ್ಗೆ ಒತ್ತಿ ಹೇಳಬೇಕು. ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಯುದ್ಧಗಳಲ್ಲಿ ಮಡಿದವರ ನೆನಪಿಗೆ ಎರಡು ನಿಮಿಷ ಮೌನ ಆಚರಿಸುತ್ತಾರೆ, 1919ರಿಂದ ನಡೆದುಬಂದ ಪದ್ಧತಿ. ಅಂಗಡಿಯಲ್ಲಿದ್ದಾಗಲೋ ನಿಲ್ದಾಣದಲ್ಲಿದ್ದಾಗಲೋ ಪ್ರಕಟಣೆ ಬಂದರೆ ಇದ್ದಲ್ಲಿಯೇ ನಿಂತುಬಿಡಿ. ಎದೆಯ ಮೇಲೆ ಧರಿಸುವ ಕಾಗದದ ಕೆಂಪು ಪಾಪ್ಪಿ ಹೂವನ್ನು ನಾವೂ ಧರಿಸಬಹುದು. ಇದು ನಮಗೆ ಹೊರಗಿನ ದುಃಖವಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಬ್ರೈಟನ್‌ನ ರಾಯಲ್ ಪೆವಿಲಿಯನ್ ಅರಮನೆಯಲ್ಲಿ ಆರೈಕೆ ಮಾಡಿದ್ದರು, ಅಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ ಗುಡ್ಡದ ಮೇಲೆ 1921ರಲ್ಲಿ ಬಿಳಿ ಅಮೃತಶಿಲೆಯ ಛತ್ರಿ ಎಂಬ ಸ್ಮಾರಕ ಮಂಟಪವೊಂದನ್ನು ಕಟ್ಟಿದ್ದಾರೆ.

ಉತ್ತರ: ಜಾನಪದಾಸಕ್ತ, ಮೈಸೂರು

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ. ಶೆಫೀಲ್ಡ್‌ನಲ್ಲಿ ಓದುತ್ತಿದ್ದಾಗ ನಾನು ಅಲ್ಲಿನ ನಂಬಿಕೆಗಳನ್ನು ಆಸಕ್ತಿಯಿಂದ ಗಮನಿಸುತ್ತಿದ್ದೆ. ಅದೊಂದು ಭಾಗವನ್ನು ಮಾತ್ರ ನಾನು ಬರೆಯುತ್ತೇನೆ.

ಶಕುನಗಳು ಖಂಡಿತವಾಗಿಯೂ ಉಳಿದಿವೆ. ನಂಬುತ್ತೀರಾ ಎಂದು ಕೇಳಿದರೆ ಬಹುತೇಕರು ಇಲ್ಲವೆನ್ನುತ್ತಾರೆ, ಆದರೆ ಆಚರಣೆ ಕೈಗೆ ರೂಢಿಯಾಗಿಬಿಟ್ಟಿದೆ. ಒಳ್ಳೆಯ ಸುದ್ದಿ ಹೇಳಿದ ಕೂಡಲೇ ಮೇಜಿನ ಮರವನ್ನು ಮುಟ್ಟುತ್ತಾರೆ, ಉಪ್ಪು ಚೆಲ್ಲಿದರೆ ಒಂದು ಚಿಟಿಕೆಯನ್ನು ಎಡ ಭುಜದ ಹಿಂದಕ್ಕೆ ಎಸೆಯುತ್ತಾರೆ, ಗೋಡೆಗೆ ಒರಗಿಸಿಟ್ಟ ಏಣಿಯ ಕೆಳಗೆ ನಡೆಯದೆ ಸುತ್ತಿಕೊಂಡು ಹೋಗುತ್ತಾರೆ. ಹದಿಮೂರನೆಯ ನಂಬರಿನ ಮನೆಯೇ ಇಲ್ಲದ ಬೀದಿಗಳು ಆ ದೇಶದಲ್ಲಿ ಎಷ್ಟೋ ಇವೆ. ಕಪ್ಪು ಬಿಳುಪಿನ ಮ್ಯಾಗ್‌ಪೈ ಎಂಬ ಹಕ್ಕಿ ಒಂಟಿಯಾಗಿ ಕಂಡರೆ ದುಃಖ, ಜೋಡಿಯಾಗಿ ಕಂಡರೆ ಸಂತೋಷ ಎಂಬ ಎಣಿಕೆಯ ಪದ್ಯವೊಂದು 18ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಲಿಂಕನ್‌ಷೈರಿನಲ್ಲಿ ದಾಖಲಾಗಿದೆ. ಇಂದಿಗೂ ಒಂಟಿ ಮ್ಯಾಗ್‌ಪೈ ಎದುರಾದರೆ ಅದಕ್ಕೆ ವಂದಿಸಿ, ‘ನಿಮ್ಮ ಮನೆಯವರು ಕ್ಷೇಮವೇ’ ಎಂದು ವಿಚಾರಿಸುವ ಹಿರಿಯರಿದ್ದಾರೆ. ಜೋಡಿ ಇದೆಯೆಂದು ಭಾವಿಸಿ ಮಾತನಾಡಿಸಿದರೆ ಕೇಡು ತಪ್ಪುತ್ತದೆಂಬುದು ಅದರ ತರ್ಕ. ಲೀಡ್ಸ್‌ನ ಹಿತ್ತಿಲುಗಳಲ್ಲಿ ಈ ಹಕ್ಕಿ ದಿನವೂ ಕಾಣುತ್ತದೆ.

ಕಪ್ಪು ಬೆಕ್ಕಿನ ವಿಷಯದಲ್ಲಿ ಮಾತ್ರ ನಮ್ಮ ನಂಬಿಕೆಗೆ ಅವರದು ತದ್ವಿರುದ್ಧ. ಬ್ರಿಟನ್ನಿನಲ್ಲಿ ಕಪ್ಪು ಬೆಕ್ಕು ಅಡ್ಡ ಬಂದರೆ ಬಹುಮಟ್ಟಿಗೆ ಶುಭಶಕುನ. ಯಾರ್ಕ್‌ಷೈರಿನ ಕರಾವಳಿಯಲ್ಲಿ ಮೀನುಗಾರರ ಹೆಂಡಂದಿರು, ಸಮುದ್ರಕ್ಕೆ ಹೋದ ಗಂಡ ಸುರಕ್ಷಿತವಾಗಿ ಮರಳಲೆಂದು ಮನೆಯಲ್ಲಿ ಕಪ್ಪು ಬೆಕ್ಕನ್ನು ಸಾಕುತ್ತಿದ್ದರು. ಆದ್ದರಿಂದ ಬೆಕ್ಕನ್ನು ಕಂಡು ನಿಂತು ಹಿಂದಿರುಗಬೇಡಿ. ನೆರೆಯವರದೇ ಬೆಕ್ಕಾಗಿದ್ದರೆ ಅವರು ಬೇಸರಪಟ್ಟುಕೊಂಡಾರು.

ಅತಿಥಿಯಾದವರು ನಿಜವಾಗಿ ನೆನಪಿಡಬೇಕಾದ ಸಂಗತಿಗಳು ನಾಲ್ಕಾರು ಮಾತ್ರ. ಹೊಸ ಬೂಟು ಕೊಂಡು ತಂದು ತೋರಿಸುವಾಗ ಮೇಜಿನ ಮೇಲಿಡಬೇಡಿ. ಉತ್ತರ ಇಂಗ್ಲೆಂಡಿನಲ್ಲಿ ಇದು ಗಂಭೀರವಾದ ಅಪಶಕುನ; ಗಣಿಯಲ್ಲಿ ಸತ್ತವನ ಬೂಟುಗಳನ್ನು ಮನೆಗೆ ತಂದು ಮೇಜಿನ ಮೇಲಿಡುತ್ತಿದ್ದರೆಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಲೀಡ್ಸ್ ಸುತ್ತಮುತ್ತ ಕಲ್ಲಿದ್ದಲು ಗಣಿಗಳಲ್ಲಿ ದುಡಿದ ಮನೆತನಗಳು ಬಹಳ ಇರುವುದರಿಂದ ಅಲ್ಲಿ ಈ ಮಾತಿಗೆ ತೂಕ ಹೆಚ್ಚು. ಒದ್ದೆ ಕೊಡೆಯನ್ನು ಒಣಗಲೆಂದು ಮನೆಯೊಳಗೆ ಬಿಚ್ಚಿಡಬೇಡಿ. ನವಿಲುಗರಿಯ ಬೀಸಣಿಗೆಯನ್ನು ಉಡುಗೊರೆಯಾಗಿ ಒಯ್ಯುವ ಯೋಚನೆ ಇದ್ದರೆ ಕೈಬಿಡಿ. ನಮಗೆ ಕೃಷ್ಣನ ಮುಡಿಯನ್ನು ನೆನಪಿಸುವ ಗರಿಯನ್ನು ಮನೆಯೊಳಗೆ ಇಟ್ಟರೆ ಕೆಟ್ಟದಾಗುತ್ತದೆಂದು ಅಲ್ಲಿ ಬಹುಕಾಲದಿಂದ ನಂಬಿದ್ದಾರೆ, ಮೇಲಾಗಿ ಅದರ ರಫ್ತನ್ನು ನಮ್ಮ ದೇಶವೇ ನಿಷೇಧಿಸಿದೆ. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಾಗ ಕೆಂಪು ಮತ್ತು ಬಿಳಿ ಹೂಗಳನ್ನು ಮಾತ್ರ ಸೇರಿಸಿ ಒಯ್ಯಬಾರದು. ರಕ್ತ ಮತ್ತು ಬ್ಯಾಂಡೇಜಿನ ಬಣ್ಣವೆಂದು ಹಳೆಯ ದಾದಿಯರು ಅದನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ.

ಅಡ್ವೆಂಟ್‌ಗೆ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರಗಳ ಸಿದ್ಧತೆಯ ಕಾಲಕ್ಕೆ, ಮುಂಚಿನ ಕೊನೆಯ ಭಾನುವಾರ ಆ ದಂಪತಿಗಳು ಪುಡಿಂಗಿನ ಹಿಟ್ಟನ್ನು ಕಲಕಲು ನಿಮ್ಮನ್ನು ಕರೆದರೆ ತಪ್ಪದೆ ಹೋಗಿ. ಮನೆಯ ಪ್ರತಿಯೊಬ್ಬರೂ ಒಂದೊಂದು ಸಲ ಪೂರ್ವದಿಂದ ಪಶ್ಚಿಮಕ್ಕೆ ಸೌಟು ತಿರುಗಿಸಿ ಮನಸ್ಸಿನಲ್ಲಿ ಒಂದು ಬಯಕೆಯನ್ನು ನೆನೆಯುವ ಆಚರಣೆ ಅದು. ಯೇಸುವನ್ನು ಕಾಣಲು ಪೂರ್ವದಿಂದ ಬಂದ ಜ್ಞಾನಿಗಳ ನೆನಪಿಗೆ ಆ ದಿಕ್ಕು. ಕೆಲವರು ಒಳಗೆ ಬೆಳ್ಳಿಯ ನಾಣ್ಯವನ್ನೂ ಹಾಕುತ್ತಾರೆ, ಅದು ಸಿಕ್ಕವರಿಗೆ ಆ ವರ್ಷ ಅದೃಷ್ಟ. ಅಲಂಕಾರಗಳನ್ನೆಲ್ಲ ಜನವರಿ 5 ಅಥವಾ 6ರೊಳಗೆ ತೆಗೆದಿಡಬೇಕೆಂಬುದನ್ನು ಮಾತ್ರ ನಂಬದವರೂ ಪಾಲಿಸುತ್ತಾರೆ.

ಇವುಗಳ ಬಗ್ಗೆ ಮಾತನಾಡುವುದು ಸರಿಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಮಾತನಾಡಿ. ‘ನೀವೂ ಇದನ್ನೆಲ್ಲ ನಂಬುತ್ತೀರಾ’ ಎಂಬ ಬೆರಗಿನ ಪ್ರಶ್ನೆ ಬೇಡ, ‘ನಿಮ್ಮ ಅಜ್ಜಿ ಏನು ಹೇಳುತ್ತಿದ್ದರು’ ಎಂದು ಕೇಳಿ. ನಮ್ಮ ಹಲ್ಲಿಶಕುನದ ಬಗ್ಗೆ ನಾನು ಹೇಳಿದಾಗ ಶೆಫೀಲ್ಡ್‌ನ ನನ್ನ ಮನೆಯೊಡತಿ ತಮ್ಮ ತಾಯಿಯ ಕಾಲದ ನಂಬಿಕೆಗಳನ್ನು ಒಂದು ಸಂಜೆಯಿಡೀ ಹೇಳಿದರು.

ಉತ್ತರ: ಕೊಡಗಿನವನು, ಎಡಿನ್‌ಬರೋ

ಎಡಿನ್‌ಬರೋ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಇಲ್ಲಿಗೆ ಬಂದಾಗ ‘ನೀವು ಇಂಗ್ಲಿಷರು’ ಎಂದು ಯಾರಿಗೂ ಹೇಳಬೇಡಿ, ಈ ದೇಶವನ್ನು ಇಂಗ್ಲೆಂಡ್ ಎನ್ನಬೇಡಿ. ಇದು ಸ್ಕಾಟ್ಲೆಂಡ್, ಇಲ್ಲಿನವರು ಸ್ಕಾಟಿಷ್ ಜನ. ಈ ಒಂದು ತಪ್ಪಿಗೆ ಬೇಸರಿಸುವಷ್ಟು ಇನ್ನಾವುದಕ್ಕೂ ಅವರು ಬೇಸರಿಸುವುದಿಲ್ಲ.

ಡಿಸೆಂಬರ್ 31ರ ರಾತ್ರಿಯ ಹಬ್ಬಕ್ಕೆ ಇಲ್ಲಿ ಹಾಗ್ಮನೇ ಎನ್ನುತ್ತಾರೆ. ಮತಸುಧಾರಣೆಯ ನಂತರ ಇಲ್ಲಿನ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟೆಂಟ್ ಪಂಥದ ಚರ್ಚು ಕ್ರಿಸ್ಮಸ್ ಆಚರಣೆಯನ್ನು ಒಪ್ಪದೆ ಹೋದದ್ದರಿಂದ ಕ್ರಿಸ್ಮಸ್ ದಿನಕ್ಕೆ ಸಾರ್ವಜನಿಕ ರಜೆ ಬಂದದ್ದೇ 1958ರಲ್ಲಿ. ಜನರ ಸಂಭ್ರಮವೆಲ್ಲ ಹೊಸ ವರ್ಷದ ಕಡೆಗೆ ಹರಿಯಿತು. ಈಗಲೂ ಜನವರಿ 2ರಂದು ಸ್ಕಾಟ್ಲೆಂಡಿಗೆ ರಜೆಯಿದೆ, ಇಂಗ್ಲೆಂಡಿಗಿಲ್ಲ. ಹಾಗ್ಮನೇ ದಿನ ಮನೆಯನ್ನು ಗುಡಿಸಿ ಒಲೆಯ ಬೂದಿ ತೆಗೆದು, ಸಾಲಗಳನ್ನು ತೀರಿಸಿ ಹೊಸ ವರ್ಷವನ್ನು ಬರಮಾಡಿಕೊಳ್ಳುವುದು ಹಳೆಯ ಕ್ರಮ.

ನಿಮಗೆ ಮುಖ್ಯವಾದದ್ದು ಇದು. ಮಧ್ಯರಾತ್ರಿಯ ನಂತರ ಮನೆಯ ಹೊಸ್ತಿಲನ್ನು ಮೊದಲು ದಾಟುವವರಿಂದ ಆ ಮನೆಯ ವರ್ಷದ ಅದೃಷ್ಟ ನಿರ್ಧಾರವಾಗುತ್ತದೆಂದು ನಂಬಿಕೆ. ಎತ್ತರದ, ಕಪ್ಪು ಕೂದಲಿನ ಗಂಡಸು ಬಂದರೆ ಅತ್ಯಂತ ಶುಭ. ಹೊಂಗೂದಲಿನವರು ಬಂದರೆ ಅಶುಭವೆಂಬುದಕ್ಕೆ ವೈಕಿಂಗರ ದಾಳಿಗಳ ನೆನಪೇ ಕಾರಣವೆಂದು ಹೇಳುವುದುಂಟು. ಹಾಗಾಗಿ ಭಾರತದಿಂದ ಬಂದ ನಮ್ಮಂಥವರಿಗೆ ಆ ರಾತ್ರಿ ಬಹಳ ಬೇಡಿಕೆ. ನನ್ನನ್ನು ನೆರೆಯವರು ಪ್ರತಿ ವರ್ಷವೂ ಕರೆಯುತ್ತಾರೆ. ಸ್ನೇಹಿತರು ನಿಮ್ಮ ಅಳಿಯನನ್ನು ಹನ್ನೆರಡಕ್ಕೆ ಮುಂಚೆ ಹೊರಗೆ ಕಳುಹಿಸಿ ಬಾಗಿಲು ತಟ್ಟಲು ಹೇಳಿದರೆ ಅದನ್ನು ಅವಮಾನವೆಂದು ದಯವಿಟ್ಟು ತಿಳಿಯಬೇಡಿ, ಅದು ಅವರು ಕೊಡುವ ಗೌರವ. ಬರಿಗೈಯಲ್ಲಿ ಮಾತ್ರ ಒಳಗೆ ಬರಬಾರದು. ಒಂದು ತುಂಡು ಕಲ್ಲಿದ್ದಲು, ಸ್ವಲ್ಪ ಉಪ್ಪು, ಶಾರ್ಟ್‌ಬ್ರೆಡ್ ಎಂಬ ಬೆಣ್ಣೆ ಬಿಸ್ಕತ್ತು, ವಿಸ್ಕಿ ತರುವುದು ವಾಡಿಕೆ. ಒಲೆ ಆರದಿರಲಿ, ಊಟಕ್ಕೆ ಕೊರತೆಯಾಗದಿರಲಿ ಎಂಬುದು ಅವುಗಳ ಹಾರೈಕೆ. ಮದ್ಯ ಮುಟ್ಟದವರು ಶಾರ್ಟ್‌ಬ್ರೆಡ್ ಒಂದನ್ನೇ ಒಯ್ದರೂ ಸಾಕು.

ಹನ್ನೆರಡು ಹೊಡೆದಾಗ ಎಲ್ಲರೂ ವೃತ್ತಾಕಾರವಾಗಿ ನಿಂತು ರಾಬರ್ಟ್ ಬರ್ನ್ಸ್ ಕವಿಯ ‘ಆಲ್ಡ್ ಲ್ಯಾಂಗ್ ಸೈನ್’ ಹಾಡುತ್ತಾರೆ. ಪಕ್ಕದವರ ಕೈಯನ್ನು ಆರಂಭದಿಂದ ಸಾಮಾನ್ಯವಾಗಿ ಹಿಡಿದಿರಬೇಕು, ಕೈಗಳನ್ನು ಅಡ್ಡಲಾಗಿ ಕತ್ತರಿಯಾಗಿಸುವುದು ಕೊನೆಯ ಚರಣ ಬಂದಾಗ ಮಾತ್ರ.

ಪ್ರಶ್ನೆ ಕೇಳಿದವರಿಂದ

ಇಷ್ಟು ಅಕ್ಕರೆಯಿಂದ ಬರೆದ ನಿಮಗೆಲ್ಲ ನಾವಿಬ್ಬರೂ ಋಣಿಗಳು. ಪೇಡೆಯ ಬದಲು ಕಸೂತಿಯ ಮೇಜುಬಟ್ಟೆ ಎಂದು ತೀರ್ಮಾನವಾಗಿದೆ. ಕೊನೆಯದಾಗಿ ನನ್ನ ಪತ್ನಿಯದೊಂದು ಪ್ರಶ್ನೆ. ಸಂಕ್ರಾಂತಿಗೆ ಆ ದಂಪತಿಗಳನ್ನು ಮಗಳ ಮನೆಗೆ ಕರೆದು ಎಳ್ಳುಬೆಲ್ಲ ಕೊಟ್ಟು, ಆ ತಾಯಿಗೆ ಅರಿಶಿನ ಕುಂಕುಮವಿಟ್ಟು ಉಡಿ ತುಂಬಬೇಕೆಂಬುದು ಅವರ ಆಸೆ. ಹಾಗೆ ಮಾಡಬಹುದೇ?

ಉತ್ತರ: ಹುಬ್ಬಳ್ಳಿಯ ಗೃಹಿಣಿ, ಈಗ ಲೀಡ್ಸ್

ಖಂಡಿತವಾಗಿ ಮಾಡಬಹುದು ಸರ್, ಅಮ್ಮನವರಿಗೆ ತಿಳಿಸಿ. ಎರಡು ವಾರ ಮೊದಲೇ ಒಂದು ಚಿಕ್ಕ ಕಾರ್ಡಿನಲ್ಲಿ ದಿನಾಂಕವನ್ನೂ, ಮೂರರಿಂದ ಐದು ಗಂಟೆಯವರೆಗೆ ಎಂಬಂತೆ ಆರಂಭ ಮತ್ತು ಮುಕ್ತಾಯದ ಸಮಯವನ್ನೂ ಬರೆದು ಕರೆಯಿರಿ. ಯಾವಾಗ ಹೊರಡಬೇಕೆಂದು ತಿಳಿಯದೆ ಕುಳಿತಿರುವುದು ಅವರಿಗೆ ಬಹಳ ಕಷ್ಟ. ಉಡಿ ತುಂಬುವುದೆಂದರೇನು, ಯಾರಿಗೆ, ಏಕೆ ತುಂಬುತ್ತಾರೆ ಎಂಬುದನ್ನು ಮಗಳಿಂದ ಮೊದಲೇ ವಿವರಿಸಿ ಹೇಳಿಸಿ. ಅವರು ಚರ್ಚಿನಲ್ಲಿ ಬಹಳ ಶ್ರದ್ಧೆಯುಳ್ಳವರಾಗಿದ್ದು ಹಿಂಜರಿದರೆ ಕುಂಕುಮವನ್ನು ಬಿಟ್ಟು, ಸೀರೆಯನ್ನೋ ಶಾಲನ್ನೋ ಕೈಗೆ ಕೊಟ್ಟರೆ ಸಾಕು. ಒಪ್ಪಿದರೂ ಹಣೆ ಮುಟ್ಟುವ ಮುನ್ನ ಒಮ್ಮೆ ಕೇಳಿ.

ಎಳ್ಳುಬೆಲ್ಲದ ವಿಷಯದಲ್ಲಿ ಮಾತ್ರ ತಪ್ಪದೆ ಎಚ್ಚರ ವಹಿಸಬೇಕು. ಆಹಾರದಲ್ಲಿದ್ದರೆ ಕಡ್ಡಾಯವಾಗಿ ತಿಳಿಸಲೇಬೇಕೆಂದು ಇಲ್ಲಿನ ಕಾನೂನು ಗುರುತಿಸಿರುವ ಹದಿನಾಲ್ಕು ಅಲರ್ಜಿ ಪದಾರ್ಥಗಳಲ್ಲಿ ಎಳ್ಳೂ ಇದೆ, ಶೇಂಗಾ ಕೂಡ ಇದೆ. ಅಲರ್ಜಿ ಇರುವವರಿಗೆ ಒಂದು ಚಮಚವೂ ಪ್ರಾಣಾಪಾಯ ತರಬಹುದು. ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದೆಯೇ ಎಂದು ಕಾರ್ಡಿನಲ್ಲಿಯೇ ಕೇಳಿಬಿಡಿ. ಜೊತೆಗೆ ಅವರ ಮೊಮ್ಮಕ್ಕಳು ಬರುವುದಾದರೆ ಅವರ ಬಗ್ಗೆಯೂ ವಿಚಾರಿಸಿ. ಇದೆ ಎಂದರೆ ಸಕ್ಕರೆ ಅಚ್ಚು, ಕಬ್ಬು ಇಟ್ಟು ಹಬ್ಬ ಮಾಡಿ. ಲೀಡ್ಸ್‌ನ ಭಾರತೀಯ ಅಂಗಡಿಗಳಲ್ಲಿ ಜನವರಿ ಹೊತ್ತಿಗೆ ಕಬ್ಬಿನ ತುಂಡುಗಳು ಬರುತ್ತವೆ, ಒಂದು ವಾರ ಮುಂಚೆ ಹೇಳಿಟ್ಟರೆ ತೆಗೆದಿರಿಸುತ್ತಾರೆ.